ಗಿರಾಕಿ ಪುಸ್ತಕ ಯಾರ ಕೈಯಲ್ಲಿ?

ಪೆರ್ಲ ಪೇಟೆಯಲ್ಲಿ ವೀಡಿಯೊ ಕ್ಯಾಸೆಟ್ಟಿನ ಅಂಗಡಿ ಇಟ್ಟಿದ್ದವನು ನಾನು. ಈಗ ಅಲ್ಲಿ ಮೊಬೈಲ್ ರೀಚಾರ್ಜ್ ಮಾಡುತ್ತಾರೆ. ನಾನು ಅಡಿಕೆ ತೋಟ ನೋಡಿಕೊಂಡು, ಊರಿನ ಗ್ರಂಥಾಲಯದಲ್ಲಿ ಆಗಾಗ ಪ್ರೊಜೆಕ್ಟರ್ ಇಟ್ಟು ಸಿನಿಮಾ ತೋರಿಸಿಕೊಂಡು ಇದ್ದೇನೆ. ಹಾಗಾಗಿ ಬದಿಯಡ್ಕ, ಅಡ್ಯನಡ್ಕ, ವಿಟ್ಲದ ಕಡೆಯ ಹುಡುಗರು ಕಿರುಚಿತ್ರವನ್ನೋ ಸಾಕ್ಷ್ಯಚಿತ್ರವನ್ನೋ ಮಾಡಿ ಮುಗಿಸಿದ ಮೇಲೆ ನನ್ನಲ್ಲಿಗೆ ಬರುತ್ತಾರೆ. ಮುಗಿಸಿದ ಮೇಲೆ ಬರುತ್ತಾರೆ ಎಂಬುದೇ ನನ್ನ ತಕರಾರು.

ಅಕ್ಕನ ಮಗ ಒಬ್ಬ ಹಾಗೆ ಬಂದ. ಗುಡ್ಡದಲ್ಲಿ ಸುರಂಗ ಕೊರೆದು ನೀರು ತರುವವರ ಬಗ್ಗೆ 22 ನಿಮಿಷದ ಚಿತ್ರ. ಚೆನ್ನಾಗಿಯೇ ಇತ್ತು.

"ಹಂಚುವುದಕ್ಕೆ ಈಗೇನು ಕಷ್ಟ ಮಾವ? ಯೂಟ್ಯೂಬಿಗೆ ಹಾಕಿದರೆ ಆಯ್ತು. ಅಮೆರಿಕದಲ್ಲಿ ಕೂತವನೂ ನೋಡ್ತಾನೆ."

"ಅಮೆರಿಕದವ ನೋಡ್ಲಿ ಮಾರಾಯ. ಸ್ವರ್ಗದವರು ನೋಡ್ತಾರಾ?"

ಹೊರಗಿನವರಿಗಾಗಿ ಹೇಳುತ್ತೇನೆ, ಸ್ವರ್ಗ ನಮ್ಮ ಎಣ್ಮಕಜೆ ಪಂಚಾಯತಿನದೇ ಒಂದು ಊರು. ಪೆರ್ಲದಿಂದ ಜೀಪು ಸಿಗುತ್ತದೆ.

ಅವನಿಗೆ ಒಂದು ಲೆಕ್ಕ ಮಾಡಿಸಿದೆ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ ಚಾನೆಲ್ಲಿಗೆ 1,000 ಚಂದಾದಾರರು ಬೇಕು, ಒಂದು ವರ್ಷದೊಳಗೆ 4,000 ಗಂಟೆಗಳ ವೀಕ್ಷಣೆಯೂ ಆಗಿರಬೇಕು. 22 ನಿಮಿಷದ ಚಿತ್ರವೊಂದೇ ಇದ್ದರೆ ಸುಮಾರು 10,900 ಜನ ಮೊದಲಿನಿಂದ ಕೊನೆಯವರೆಗೆ ಕೂತು ನೋಡಬೇಕಾಗುತ್ತದೆ. ಆಮೇಲಷ್ಟೇ ಪಾಲಿನ ಮಾತು. ಅವನ ವಾಟ್ಸಾಪ್ ಗುಂಪುಗಳಲ್ಲಿ ಎಲ್ಲ ಸೇರಿಸಿದರೂ ಅಷ್ಟು ಜನ ಇಲ್ಲ. ಇದ್ದವರಲ್ಲಿಯೂ ಹೆಚ್ಚಿನವರು ಹೆಬ್ಬೆರಳು ಎತ್ತಿ ಮುಂದೆ ಹೋಗುವವರು.

ಅಂಗಡಿಯ ಕಾಲದ ಸಂಗತಿ ಒಂದಿದೆ. ಮದುವೆಮನೆಗೆ, ನಾಮಕರಣಕ್ಕೆ ಟಿವಿಯನ್ನೂ ವಿಸಿಆರನ್ನೂ ಒಂದು ರಾತ್ರಿಗೆ ಬಾಡಿಗೆ ಕೊಡುತ್ತಿದ್ದೆವು. ಕ್ಯಾಸೆಟ್ಟು ಮಂಗಳೂರಿನಿಂದಲೋ ಕಾಸರಗೋಡಿನಿಂದಲೋ ಬರಬೇಕು. ಬಂದದ್ದು ಸವೆದಿದ್ದರೆ ಹೆಡ್ ಉಜ್ಜಿ ಉಜ್ಜಿ ಸಾಕಾಗುತ್ತಿತ್ತು. ಅಂಗಡಿಯಲ್ಲಿ ಬೆಲೆಬಾಳುವ ವಸ್ತು ವಿಸಿಆರ್ ಎಂದು ಎಲ್ಲರೂ ತಿಳಿದಿದ್ದರು. ನಿಜವಾಗಿ ಬೆಲೆಬಾಳುತ್ತಿದ್ದದ್ದು ಗಿರಾಕಿಗಳ ಪುಸ್ತಕ. ಯಾವ ಮನೆಗೆ ರಾಜ್‌ಕುಮಾರ್ ಬೇಕು, ಯಾವ ಮನೆಯ ಅಜ್ಜಿಗೆ ಪೌರಾಣಿಕ ಬೇಕು, ಯಾರು ಮಲಯಾಳ ಚಿತ್ರ ಬಿಟ್ಟು ಬೇರೆ ನೋಡುವುದಿಲ್ಲ, ಯಾರು ಏನು ಕೊಟ್ಟರೂ ನೋಡುತ್ತಾರೆ, ಎಲ್ಲವೂ ಅದರಲ್ಲಿತ್ತು. ಹೊಸ ಕ್ಯಾಸೆಟ್ಟು ಬಂದ ದಿನ ಯಾರಿಗೆ ಹೇಳಿ ಕಳಿಸಬೇಕೆಂದು ಆ ಪುಸ್ತಕ ಹೇಳುತ್ತಿತ್ತು.

ಇವತ್ತು ಚಿತ್ರವನ್ನು ಮುಟ್ಟಿಸುವ ಕೆಲಸ ಅಗ್ಗವಾಗಿದೆ, ಅದರಲ್ಲಿ ಸಂಶಯವಿಲ್ಲ. ರೀಲಿನ ಕಾಲದಲ್ಲಿ ಒಂದೊಂದು ಟಾಕೀಸಿಗೂ ಒಂದೊಂದು ಪ್ರಿಂಟ್ ತೆಗೆಸಬೇಕಿತ್ತು, ಪ್ರತಿಯೊಂದಕ್ಕೂ ಹತ್ತಾರು ಸಾವಿರ ರೂಪಾಯಿ. ಈಗ ಇಡೀ ಚಿತ್ರ ಹಾರ್ಡ್‌ಡಿಸ್ಕಿನಲ್ಲೋ ಉಪಗ್ರಹದ ಮೂಲಕವೋ ಹೋಗುತ್ತದೆ. ಟಾಕೀಸಿನ ಪ್ರೊಜೆಕ್ಟರಿಗೆ ಬೇಕಾದ ಆ ಕಡತವನ್ನು ಡಿಸಿಪಿ ಎನ್ನುತ್ತಾರೆ. ಆದರೂ ಕ್ಯೂಬ್, ಯುಎಫ್ಒದಂಥ ಕಂಪೆನಿಗಳಿಗೆ ಪ್ರದರ್ಶನದ ಲೆಕ್ಕದಲ್ಲಿ ವಿಪಿಎಫ್ (ವರ್ಚುವಲ್ ಪ್ರಿಂಟ್ ಫೀ) ಎಂಬ ಶುಲ್ಕ ಕಟ್ಟಬೇಕು. ರೀಲು ಹೋದರೂ ಪ್ರಿಂಟಿನ ಹೆಸರು ಶುಲ್ಕದಲ್ಲಿ ಉಳಿದುಕೊಂಡಿದೆ. ಟಾಕೀಸಿನಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಒಟಿಟಿಗೆ ಅದು ಬೇಡ, ಅಲ್ಲಿ 2021ರ ಐಟಿ ನಿಯಮಗಳ ಪ್ರಕಾರ ವೇದಿಕೆಯವರೇ ವಯಸ್ಸಿನ ವರ್ಗ ನಮೂದಿಸುತ್ತಾರೆ. ಇಷ್ಟು ಕಾಗದಪತ್ರ ಯಾರು ಬೇಕಾದರೂ ಕಲಿತುಕೊಳ್ಳಬಹುದು.

ಗಿರಾಕಿ ಪುಸ್ತಕ ಮಾತ್ರ ಕೈಬದಲಾಯಿತು. ನಿಮ್ಮ ಚಿತ್ರವನ್ನು ಯಾರು ನೋಡಿದರು, ಎಷ್ಟನೆಯ ನಿಮಿಷಕ್ಕೆ ಎದ್ದು ಹೋದರು, ಆಮೇಲೆ ಏನು ನೋಡಿದರು ಎಂಬುದೆಲ್ಲ ಒಟಿಟಿಯವರ ಹತ್ತಿರ ಇರುತ್ತದೆ. ನೋಡಿದವರ ಹೆಸರೂ ವಿಳಾಸವೂ ಚಿತ್ರ ಮಾಡಿದವನಿಗೆ ಸಿಗುವುದಿಲ್ಲ. ಮುಂದಿನ ಚಿತ್ರ ಮಾಡಿದಾಗ ಅವನು ಮತ್ತೆ ಬರಿಗೈಯವನು.

ಈ ಪುಸ್ತಕವನ್ನು ಮೊದಲೇ ಬರೆದುಕೊಂಡವರು ಕನ್ನಡದಲ್ಲಿ ಇದ್ದಾರೆ. ಪವನ್ ಕುಮಾರ್ ತಮ್ಮ ಎರಡನೆಯ ಚಿತ್ರ 'ಲೂಸಿಯಾ'ಕ್ಕೆ ನಿರ್ಮಾಪಕರು ಸಿಗದೆ ಬ್ಲಾಗಿನಲ್ಲಿ ತಮ್ಮ ಕಷ್ಟವನ್ನು ಬರೆದರು. 27 ದಿನಗಳಲ್ಲಿ 110 ಜನರಿಂದ 51 ಲಕ್ಷ ರೂಪಾಯಿ ಸೇರಿತು. ಭಾಗಿಸಿದರೆ ತಲಾ ಸರಾಸರಿ 46 ಸಾವಿರ. 2013ರ ಜುಲೈಯಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಬಂತು, ಸೆಪ್ಟೆಂಬರಿನಲ್ಲಿ ಟಾಕೀಸಿಗೆ ಬಂತು. ಎಲ್ಲರೂ ದುಡ್ಡಿನ ಸುದ್ದಿಯನ್ನೇ ಹೇಳಿದರು. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಒಂದು ಶಾಟ್ ತೆಗೆಯುವ ಮೊದಲೇ ಆ ಚಿತ್ರಕ್ಕೆ ಊರೂರಲ್ಲಿ 110 ಮಂದಿ ಪ್ರಚಾರಕರು ಹುಟ್ಟಿದ್ದರು. ತನ್ನ 46 ಸಾವಿರ ಇರುವ ಚಿತ್ರದ ಬಗ್ಗೆ ಮನುಷ್ಯ ಆಫೀಸಿನಲ್ಲಿ ಬಾಯಿ ಮುಚ್ಚಿ ಕೂರುತ್ತಾನೆಯೇ? ಹತ್ತು ವರ್ಷದ ಬಳಿಕ, 2023ರಲ್ಲಿ, ಶಶಾಂಕ್ ಸೋಗಾಲ್ ನಿರ್ದೇಶನದ 'ಡೇರ್‌ಡೆವಿಲ್ ಮುಸ್ತಾಫಾ' ಬಂತು. ಪೂರ್ಣಚಂದ್ರ ತೇಜಸ್ವಿಯವರ ಕಥೆ. ಹಣ ಹಾಕಿದವರು ನೂರಕ್ಕೂ ಹೆಚ್ಚು ಮಂದಿ ತೇಜಸ್ವಿ ಓದುಗರು. ಅಲ್ಲಿ ಪುಸ್ತಕದ ಓದುಗರೇ ಸಿನಿಮಾದ ಗಿರಾಕಿ ಪುಸ್ತಕವಾದರು.

ಒಟಿಟಿಗಳ ಬಾಗಿಲು ಕಾದು ಸುಸ್ತಾದವರ ಕಥೆಯೂ ಇದೆ. 'ಏಕಂ' ಎಂಬ ವೆಬ್ ಸರಣಿ ನಮ್ಮ ಕರಾವಳಿಯ ಕಥೆಗಳದ್ದು. ಸುಮಂತ್ ಭಟ್ ಮತ್ತು ಸಂದೀಪ್ ಪಿ. ಎಸ್. ರೂಪಿಸಿದ್ದು, ನಿರ್ಮಾಣ ರಕ್ಷಿತ್ ಶೆಟ್ಟಿಯವರ ಪರಂವಃ. ರಕ್ಷಿತ್ ಶೆಟ್ಟಿಯವರಂಥ ಹೆಸರು ಹಿಂದೆ ಇದ್ದರೂ ಕನ್ನಡದ ಸರಣಿಯನ್ನು ದೊಡ್ಡ ಒಟಿಟಿಗಳು ಕೊಳ್ಳಲಿಲ್ಲ. ಕೊನೆಗೆ 2024ರ ಜುಲೈ 13ರಂದು ತಮ್ಮದೇ ಜಾಲತಾಣ ಕಟ್ಟಿ 149 ರೂಪಾಯಿಗೆ ಬಿಟ್ಟರು. ಧೈರ್ಯದ ಕೆಲಸ. ಆದರೆ ಲೆಕ್ಕ ಕರುಣೆ ಇಲ್ಲದ್ದು. 149ರ ದರದಲ್ಲಿ 10 ಲಕ್ಷ ರೂಪಾಯಿ ಸೇರಬೇಕಾದರೆ 6,700ಕ್ಕೂ ಹೆಚ್ಚು ಜನ ಕಾರ್ಡೋ ಯುಪಿಐಯೋ ಬಳಸಿ ಹಣ ಕಟ್ಟಬೇಕು, ತೆರಿಗೆಯನ್ನೂ ಹಣ ವರ್ಗಾವಣೆಯ ಖರ್ಚನ್ನೂ ಇದರಿಂದಲೇ ಕಳೆಯಬೇಕು. ಪುಕ್ಕಟೆಗೆ ಟೆಲಿಗ್ರಾಮಿನಲ್ಲಿ ಸಿಗುವವರೆಗೆ ಕಾಯುವವರು ನಮ್ಮಲ್ಲಿ ಎಷ್ಟು ಮಂದಿ ಎಂದು ನಾನು ಬರೆಯಬೇಕಾಗಿಲ್ಲ.

ಮಲಯಾಳದಲ್ಲಿ ಇದೇ ಹಾದಿಯಲ್ಲಿ ಗೆದ್ದದ್ದು ಜಿಯೋ ಬೇಬಿಯವರ 'ದಿ ಗ್ರೇಟ್ ಇಂಡಿಯನ್ ಕಿಚನ್'. ದೊಡ್ಡ ವೇದಿಕೆಗಳು ಬೇಡ ಎಂದವು. 2021ರ ಜನವರಿ 15ರಂದು ನೀಸ್ಟ್ರೀಮ್ ಎಂಬ ಸಣ್ಣ ವೇದಿಕೆಯಲ್ಲಿ ಬಂತು. ನೋಡಲು ನುಗ್ಗಿದವರ ಭಾರಕ್ಕೆ ಅದರ ಸರ್ವರ್ ಬಿದ್ದುಹೋಯಿತು. ಕೆಲವೇ ತಿಂಗಳಲ್ಲಿ ಅಮೆಜಾನ್ ಪ್ರೈಮ್ ತಾನಾಗಿ ಚಿತ್ರವನ್ನು ಕೊಂಡಿತು. ಯಾವ ಪೋಸ್ಟರೂ ಇದನ್ನು ಮಾಡಲಿಲ್ಲ. ಅಡುಗೆಮನೆಯ ಸಿಂಕು, ಎಂಜಲು, ಮುಟ್ಟಿನ ದಿನಗಳ ಚಾಪೆ ಕಂಡ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡರು, ಗಂಡಸರು ಸಿಟ್ಟಿನಿಂದ ಹೇಳಿಕೊಂಡರು. ಎರಡೂ ಪ್ರಚಾರವೇ.

ಚಿತ್ರೋತ್ಸವಗಳ ಬಗ್ಗೆ ನನಗೆ ಸ್ವಲ್ಪ ಮಿಶ್ರ ಅಭಿಪ್ರಾಯ. ಅವುಗಳಿಂದ ಬಾಗಿಲು ತೆರೆಯುತ್ತದೆ ಎಂಬುದು ನಿಜ. ರಾಮ್ ರೆಡ್ಡಿಯವರ 'ತಿಥಿ' 2015ರಲ್ಲಿ ಲೊಕಾರ್ನೊದಲ್ಲಿ ಗೆದ್ದು ಬಂದುದರಿಂದಲೇ ಮುಂದಿನ ಮೇ ತಿಂಗಳಲ್ಲಿ ಇಲ್ಲಿ ಟಾಕೀಸಿಗೆ ಬಂದಾಗ ಜನ ಕಿವಿ ನೆಟ್ಟಗೆ ಮಾಡಿದರು. ಆದರೆ ಜೈಶಂಕರ್ ಆರ್ಯರ್ ಅವರ 'ಶಿವಮ್ಮ'ವನ್ನು ನೋಡಿ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಹೆಂಗಸೊಬ್ಬಳು ಶಕ್ತಿವರ್ಧಕ ಪುಡಿ ಮಾರಲು ಹೊರಡುವ ಕಥೆ. 2022ರಲ್ಲಿ ಬೂಸಾನಿನ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದ ಚಿತ್ರ ಕರ್ನಾಟಕದ ಪರದೆಗೆ ಬಂದದ್ದು 2024ರ ಜೂನಿನಲ್ಲಿ. ಕಥೆಯೂ ಮಾರಾಟದ ಪಾಡು, ಚಿತ್ರದ್ದೂ ಮಾರಾಟದ ಪಾಡು. ಇನ್ನೊಂದು ತೊಡಕಿದೆ, ಹುಡುಗರಿಗೆ ಇದು ತಡವಾಗಿ ಗೊತ್ತಾಗುತ್ತದೆ. ಹಲವು ಉತ್ಸವಗಳು ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕು ಎನ್ನುತ್ತವೆ. ಆತುರದಲ್ಲಿ ಯೂಟ್ಯೂಬಿಗೆ ಹಾಕಿದ ಚಿತ್ರಕ್ಕೆ ಆ ಬಾಗಿಲು ಮುಚ್ಚಿದಂತೆಯೇ. ಅಕ್ಕನ ಮಗನಿಗೆ ಹೇಳಿದೆ, ಮೊದಲು ತಿರುವನಂತಪುರದ ಸಾಕ್ಷ್ಯಚಿತ್ರ, ಕಿರುಚಿತ್ರ ಉತ್ಸವಕ್ಕೆ ಅರ್ಜಿ ಹಾಕು, ಆಮೇಲೆ ಊರು, ಆಮೇಲೆ ಹಣ ಕೊಟ್ಟು ನೋಡುವ ವೇದಿಕೆ, ಯೂಟ್ಯೂಬು ಎಲ್ಲಕ್ಕಿಂತ ಕೊನೆಗೆ. ಪುಕ್ಕಟೆ ಕೊಟ್ಟದ್ದಕ್ಕೆ ಮತ್ತೆ ಬೆಲೆ ಕಟ್ಟಲಾಗುವುದಿಲ್ಲ.

ನಮ್ಮದು ಕೇರಳದೊಳಗಿನ ಗಡಿ ಊರು, ಇಲ್ಲಿನ ಕಷ್ಟ ಇನ್ನೊಂದು ಬಗೆಯದ್ದು. ಸಿನಿಮಾ ವ್ಯಾಪಾರದಲ್ಲಿ ರಾಜ್ಯಕ್ಕೊಂದು ಹಂಚಿಕೆಯ ಸೀಮೆ. ಕರ್ನಾಟಕದಲ್ಲಿ ಬಿಡುಗಡೆಯಾದ ಸಣ್ಣ ಕನ್ನಡ ಚಿತ್ರ ಸಾರಡ್ಕದ ಚೆಕ್‌ಪೋಸ್ಟ್ ದಾಟಿ ಈಚೆ ಬರುವುದು ಅಪರೂಪ. ಕೇರಳದ ವಿತರಕನಿಗೆ ನಾವು ಲೆಕ್ಕಕ್ಕಿಲ್ಲ, ಬೆಂಗಳೂರಿನವನಿಗೆ ನಕ್ಷೆಯಲ್ಲಿಲ್ಲ. ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' 2018ರಲ್ಲಿ ಬಂದಾಗ, ನಮ್ಮದೇ ಕನ್ನಡ ಶಾಲೆಯ ಕಥೆ ನೋಡಲು ನಾವು ಗಡಿ ದಾಟಿ ಪುತ್ತೂರಿಗೆ ಹೋದೆವು. ಚಿತ್ರೀಕರಣವೂ ಆಚೆ, ಆಗ ಬಂಟ್ವಾಳ ತಾಲೂಕಿಗೆ ಸೇರಿದ್ದ ಕೈರಂಗಳದ ಶಾಲೆಯಲ್ಲೇ ಆಗಿತ್ತು. ಈ ಸೀಮೆಯ ಗೋಡೆಯನ್ನು ಕೆಡವಿದ್ದು ಮೊಬೈಲು. ಅದಕ್ಕೆ ನಾನು ಋಣಿ, ಎಷ್ಟು ಗೊಣಗಿದರೂ.

ಇನ್ನು ಎಣ್ಮಕಜೆಯದೇ ಮಾತು. ಈ ಸುತ್ತಿನಲ್ಲಿ ನಮ್ಮಷ್ಟು ಕ್ಯಾಮೆರಾ ಕಂಡ ಪಂಚಾಯತು ಇರಲಾರದು. ಕಾರಣ ಎಂಡೋಸಲ್ಫಾನ್. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷ. ಪಡ್ರೆಯ ವಾಣಿನಗರದಲ್ಲಿ ಡಾಕ್ಟರಾಗಿದ್ದ ವೈ. ಎಸ್. ಮೋಹನ ಕುಮಾರರು ರೋಗಗಳ ವಿಚಿತ್ರ ಗುಂಪನ್ನು ಗುರುತಿಸಿದರು, ಪತ್ರಕರ್ತ ಶ್ರೀಪಡ್ರೆಯವರು ಲೋಕಕ್ಕೆ ತಿಳಿಸಿದರು. ಆಮೇಲೆ ಕ್ಯಾಮೆರಾಗಳು ಬಂದವು. ಎಂ. ಎ. ರಹ್ಮಾನ್ ಅವರ ಸಾಕ್ಷ್ಯಚಿತ್ರ 'ಅರಜೀವಿತಂಗಳ್ಕೊರು ಸ್ವರ್ಗಂ' ಬಂತು. ಕೆ. ಆರ್. ಮನೋಜ್ ಪಂಜಾಬನ್ನೂ ಕಾಸರಗೋಡನ್ನೂ ಸೇರಿಸಿ ಮಾಡಿದ 'ಎ ಪೆಸ್ಟರಿಂಗ್ ಜರ್ನಿ'ಗೆ ರಾಷ್ಟ್ರಪ್ರಶಸ್ತಿ ಬಂತು. ಡಾ. ಬಿಜು ಅವರ ಕಥಾಚಿತ್ರ 'ವಲಿಯ ಚಿರಗುಳ್ಳ ಪಕ್ಷಿಗಳ್' 2015ರಲ್ಲಿ ಬಂತು, ಅದಕ್ಕೂ ಪರಿಸರದ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ. ಅಂಬಿಕಾಸುತನ್ ಮಾಂಙಾಡ್ ನಮ್ಮ ಪಂಚಾಯತಿನ ಹೆಸರಿನಲ್ಲೇ ಕಾದಂಬರಿ ಬರೆದರು. 2011ರಲ್ಲಿ ಸುಪ್ರೀಂ ಕೋರ್ಟು ಈ ವಿಷವನ್ನು ನಿಷೇಧಿಸಿತು. ಅದರ ಹಿಂದೆ ಹೋರಾಟದ ಜತೆಗೆ ಈ ಚಿತ್ರಗಳ, ಫೋಟೊಗಳ ಬಲವೂ ಇತ್ತೆಂದು ನಾನು ನಂಬುತ್ತೇನೆ.

ಇವರಲ್ಲದೆ ಟಿವಿಯವರು, ಕಾಲೇಜು ಮಕ್ಕಳು, ವಿದೇಶದವರು, ಹೆಸರು ಹೇಳದೆ ಬಂದವರು ಎಷ್ಟೋ. ಶೂಟಿಂಗ್ ಮುಗಿಸಿ ಹೋದವರಲ್ಲಿ ಮರಳಿ ಬಂದು, ಇಗೋ ನಿಮ್ಮ ಚಿತ್ರ ಹೀಗಾಗಿದೆ ಎಂದು ತೋರಿಸಿದವರು ನಾನು ಕಂಡಂತೆ ಬಹಳ ಕಡಿಮೆ. ಸ್ವತಂತ್ರ ಚಿತ್ರದ ಹಂಚಿಕೆ ಎಂದಾಗ ನನಗೆ ಮೊದಲು ತಗಲುವ ಪ್ರಶ್ನೆ ಇದು. ಚಿತ್ರ ದಿಲ್ಲಿ ತಲುಪುತ್ತದೆ, ಜಿನೀವಾ ತಲುಪುತ್ತದೆ, ಯಾರ ಅಂಗಳದಲ್ಲಿ ತೆಗೆದರೋ ಆ ಅಂಗಳಕ್ಕೆ ತಲುಪುವುದಿಲ್ಲ. ಹಿಂದೆ ನೆಪ ಇತ್ತು, ಪ್ರೊಜೆಕ್ಟರು ತರಬೇಕು, ಕರೆಂಟು ನಂಬಲಿಕ್ಕಿಲ್ಲ. ಈಗ ಪೆನ್‌ಡ್ರೈವ್ ಕಿಸೆಯಲ್ಲಿ ಹಿಡಿಸುತ್ತದೆ.

ಭಾಷೆಯೂ ಅಡ್ಡ ಬರುತ್ತದೆ. ಈ ಚಿತ್ರಗಳ ಮಾತು ಮಲಯಾಳ, ಅಡಿಯಲ್ಲಿ ಇಂಗ್ಲಿಷ್ ಅಕ್ಷರ. ಪಡ್ರೆಯ ಮನೆಗಳಲ್ಲಿ ತುಳು, ಕನ್ನಡ, ಹವ್ಯಕ, ಮರಾಠಿ. ಕನ್ನಡದ ಸಬ್‌ಟೈಟಲ್ ಮಾಡುವುದು ದೊಡ್ಡ ವಿದ್ಯೆಯೇನಲ್ಲ, ಮಾತು ಮತ್ತು ಸಮಯ ಬರೆದ ಒಂದು ಸಣ್ಣ ಎಸ್ಆರ್‌ಟಿ ಕಡತ, ಅಷ್ಟೆ. ಕೂತರೆ ನಮ್ಮ ಶಾಲೆಯ ಟೀಚರುಗಳೇ ಮಾಡಿಕೊಟ್ಟಾರು. ಓದಲಾಗದ ಹಿರಿಯರಿಗಾಗಿ ನಾವು ಬದಿಯಲ್ಲಿ ಮೈಕ್ ಹಿಡಿದು ತುಳುವಿನಲ್ಲಿ ಹೇಳುವುದುಂಟು. ಸಿನಿಮಾದ ಶಿಸ್ತಿಗೆ ಅದು ಒಗ್ಗುವುದಿಲ್ಲ ಎಂದು ಒಬ್ಬ ಯುವ ನಿರ್ದೇಶಕರು ಬೇಸರಪಟ್ಟರು. ತಾಳಮದ್ದಳೆ ಕೇಳಿ ಬೆಳೆದವರಿಗೆ ಬದಿಯ ಮಾತು ಕಿರಿಕಿರಿ ಅಲ್ಲ. ಇದು ತಾಳಮದ್ದಳೆಯ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಸೀಮೆ.

ಪ್ರದರ್ಶನದ ವ್ಯವಸ್ಥೆಗೂ ನಾವು ಯಕ್ಷಗಾನದ ಆಟದ ಕ್ರಮವನ್ನೇ ಹಿಡಿದಿದ್ದೇವೆ. ಒಂದು ಸಮಿತಿ, ಒಂದು ರಶೀದಿ ಪುಸ್ತಕ, ಮನೆಮನೆಗೆ ಕರೆಯ ಕಾಗದ, ಹಿಂದಿನ ದಿನ ಜೀಪಿನಲ್ಲಿ ಮೈಕ್. ಫೇಸ್‌ಬುಕ್ಕಿನಲ್ಲಿ ಇನ್ನೂರು ಜನ ಬರುತ್ತೇವೆಂದು ಗುಂಡಿ ಒತ್ತುತ್ತಾರೆ. ಬರುವವರು ಕರೆಯ ಕಾಗದ ಕೊಡುವಾಗ ಅಂಗಳದಲ್ಲಿ ನಿಂತು ಮಾತಾಡಿಸಿದ ಮನೆಯವರು.

ಇನ್ನೊಂದು ಸೂಕ್ಷ್ಮ. ಒಮ್ಮೆ ಒಂದು ಚಿತ್ರ ತೋರಿಸಿದ ಮೇಲೆ ಒಬ್ಬ ತಾಯಿ ಕೇಳಿದರು, "ಅಣ್ಣ, ಇದು ಇನ್ನು ಎಲ್ಲಿಗೆಲ್ಲ ಹೋಗ್ತದೆ?" ಅವರ ಮಗು ಅದರಲ್ಲಿತ್ತು. ಕ್ಯಾಮೆರಾದ ಮುಂದೆ ಕೂರಲು ಅವರು ಒಪ್ಪಿದ ಕಾಲದಲ್ಲಿ ಚಿತ್ರ ಎಂದರೆ ಎಲ್ಲೋ ದೂರದ ಸಭಾಂಗಣ. ಈಗ ಅದೇ ಚಿತ್ರ ನೆರೆಯವರ ಮೊಬೈಲಿಗೆ ಬರುತ್ತದೆ, ಯಾರೋ ಹತ್ತು ಸೆಕೆಂಡು ಕತ್ತರಿಸಿ ಹಾಡು ಸೇರಿಸಿ ಸ್ಟೇಟಸ್ ಹಾಕುತ್ತಾರೆ. ಆದ್ದರಿಂದ ಎಲ್ಲ ಚಿತ್ರವನ್ನೂ ಎಲ್ಲೆಡೆ ಹರಡುವುದೇ ಯಶಸ್ಸು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೆಲವು ಚಿತ್ರಗಳಿಗೆ ಪಾಸ್‌ವರ್ಡ್ ಇರುವ ಲಿಂಕ್ ಸಾಕು. ಕೆಲವನ್ನು ಜನ ಸೇರಿಸಿ, ಮಾಡಿದವರೂ ಕೂತು, ಮಾತಾಡಿಯೇ ತೋರಿಸಬೇಕು. ಒಪ್ಪಿಗೆ ಪಡೆಯುವಾಗ ಟಿವಿ, ಒಟಿಟಿ, ಯೂಟ್ಯೂಬು ಎಂದು ಬೇರೆ ಬೇರೆ ಹೇಳಿ ಕೇಳಬೇಕು, ಮನೆಯವರ ಭಾಷೆಯಲ್ಲಿ.

ಜನರ ಹಣದಿಂದ ಚಿತ್ರ ಮಾಡಿ ಜನರಿಗೇ ತೋರಿಸುವುದು ಇಂಟರ್‌ನೆಟ್ ಕಲಿಸಿದ ವಿದ್ಯೆಯಲ್ಲ. ಬಳ್ಳಾರಿಯಲ್ಲಿ ಎಲ್ಐಸಿ ನೌಕರಿ ಬಿಟ್ಟು ಸಿನಿಮಾಕ್ಕೆ ಹೋದ ಜಾನ್ ಅಬ್ರಹಾಂ 1984ರಲ್ಲಿ ಗೆಳೆಯರೊಂದಿಗೆ ಒಡೆಸ್ಸ ಕೂಟ ಕಟ್ಟಿದರು. ಕೇರಳದ ಊರೂರಿಗೆ ಹೋಗಿ ಚಾಪ್ಲಿನ್‌ನ 'ದಿ ಕಿಡ್' ತೋರಿಸಿ, ಬಕೆಟ್ಟು ಹಿಡಿದು ಚಿಲ್ಲರೆ ಕೂಡಿಸಿ 1986ರಲ್ಲಿ 'ಅಮ್ಮ ಅರಿಯಾನ್' ಮಾಡಿದರು. ಮರಳಿ ಊರೂರಿಗೆ ಒಯ್ದು ತೋರಿಸಿದರು. ಇತ್ತ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣ 1973ರಲ್ಲೇ ನೀನಾಸಂ ಚಿತ್ರಸಮಾಜ ಆರಂಭಿಸಿ ಅಡಿಕೆ ಬೆಳೆಗಾರರಿಗೆ ಕುರೊಸಾವಾ, ಸತ್ಯಜಿತ್ ರೇ ಚಿತ್ರಗಳನ್ನು ತೋರಿಸಿದರು. ನಮಗೆ ಹತ್ತಿರದವರೆಂದರೆ ಪಯ್ಯನ್ನೂರಿನ ಕಡೆಯ ಮನೋಜ್ ಕಾನ. ಸಾರ್ವಜನಿಕರ ದೇಣಿಗೆಯಿಂದ 'ಚಾಯಿಲ್ಯಂ' ಮಾಡಿದವರು ಆಮೇಲೆ ಎಂಡೋಸಲ್ಫಾನ್ ಸಂತ್ರಸ್ತರ ಬಗ್ಗೆ 'ಅಮೀಬ' ಮಾಡಿದರು.

ಕಾಞಂಗಾಡಿನ ಸೆನ್ನ ಹೆಗ್ಡೆಯವರ ದಾರಿ ಇನ್ನೂ ಸರಳ. ಊರಿನವರನ್ನೇ ಹಾಕಿಕೊಂಡು '0-41*' ಮಾಡಿದರು, ಕನ್ನಡದಲ್ಲಿ 'ಕಥೆಯೊಂದು ಶುರುವಾಗಿದೆ' ಮಾಡಿದರು, ಮತ್ತೆ ಕಾಞಂಗಾಡಿಗೆ ಮರಳಿ ಅಲ್ಲಿನ ಆಡುಮಾತಿನಲ್ಲೇ 'ತಿಂಗಳಾಳ್ಚ ನಿಶ್ಚಯಂ' ಮಾಡಿದರು. 2021ರ ಅಕ್ಟೋಬರಿನಲ್ಲಿ ಸೋನಿ ಲಿವ್‌ನಲ್ಲಿ ಬಂದ ಆ ಚಿತ್ರವನ್ನು ತಿರುವನಂತಪುರದವರು ಸಬ್‌ಟೈಟಲ್ ನೋಡಿ ಅರ್ಥಮಾಡಿಕೊಂಡರೆಂದು ಇಲ್ಲಿ ತಮಾಷೆ ಮಾಡುತ್ತಾರೆ. ಉತ್ತರದ ಮಾತನ್ನು ದಕ್ಷಿಣಕ್ಕೆ ಒಗ್ಗಿಸಲು ಹೋಗದ್ದೇ ಅದರ ಜಾಹೀರಾತಾಯಿತು.

ಸರ್ಕಾರಗಳೂ ಈಗ ಈ ಅಂಗಡಿ ತೆರೆಯುತ್ತಿವೆ. ಕೇರಳದ್ದು 'ಸಿ ಸ್ಪೇಸ್', 2024ರ ಮಾರ್ಚ್ 7ರಂದು ಆರಂಭ. ಒಂದು ಚಿತ್ರಕ್ಕೆ 75 ರೂಪಾಯಿ, ಅದರಲ್ಲಿ ಅರ್ಧ ಚಿತ್ರದವರಿಗೆ. ನೋಡಿದಷ್ಟಕ್ಕೇ ಹಣ, ತಿಂಗಳ ಚಂದಾ ಇಲ್ಲ. ಒಂದು ಲಕ್ಷ ರೂಪಾಯಿ ಕೈಗೆ ಬರಬೇಕಾದರೆ ಸುಮಾರು 2,670 ನೋಡುಗರು ಬೇಕು. ಇದು ಒಂದು ತಾಲೂಕಿನೊಳಗೆ ಹುಡುಕಬಹುದಾದ ಸಂಖ್ಯೆ, ಹುಡುಕುವವರಿದ್ದರೆ. ಕರ್ನಾಟಕ 2025ರ ಮಾರ್ಚ್ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳಿಗಾಗಿ ಒಟಿಟಿ ವೇದಿಕೆ ಮಾಡುವುದಾಗಿ ಘೋಷಿಸಿತು.

ಎರಡಕ್ಕೂ ನನ್ನ ಬೇಡಿಕೆಗಳು ಸಣ್ಣವು. ಕೇರಳದ ವೇದಿಕೆಯಲ್ಲಿ ಕನ್ನಡ, ತುಳು ಚಿತ್ರಕ್ಕೂ ಒಂದು ಸಾಲು ಇರಲಿ, ನಾವೂ ಇಲ್ಲಿ ತೆರಿಗೆ ಕಟ್ಟುವವರೇ. ಕರ್ನಾಟಕದ ಅರ್ಜಿಯಲ್ಲಿ ವಿಳಾಸದ ಜಾಗದಲ್ಲಿ ಕಾಸರಗೋಡು ಎಂದು ಬರೆದವನನ್ನು ಹೊರಗಿನವನೆಂದು ಬದಿಗಿಡುವುದು ಬೇಡ. ನೋಡಿದವರು ಒಪ್ಪಿದರೆ ಅವರ ಊರೂ ಫೋನ್ ನಂಬರೂ ಚಿತ್ರ ಮಾಡಿದವರಿಗೆ ಸಿಗುವಂತಿರಲಿ, ಖಾಸಗಿಯವರು ಕೊಡದ ಗಿರಾಕಿ ಪುಸ್ತಕವನ್ನು ಸರ್ಕಾರವಾದರೂ ಕೊಡಲಿ. ಅಕ್ಕನ ಮಗ ಉತ್ಸವದ ಉತ್ತರಕ್ಕೆ ಕಾಯುತ್ತಿದ್ದಾನೆ. ಅಷ್ಟರೊಳಗೆ ಕನ್ನಡ ಸಬ್‌ಟೈಟಲ್ ಮುಗಿಸಲು ಹೇಳಿದ್ದೇನೆ, ಮೈಕ್‌ನ ಜೀಪಿಗೂ ಹೇಳಿಟ್ಟಾಗಿದೆ.